ಕೌದಿಯ ಹೊಟ್ಟೆ

"ಬಿಡವ್ವಾ, ಇದನ್ನೂ ಕಟ್ಟಬೇಕು," ಎಂದು ಸಿದ್ದಪ್ಪ ಕೌದಿಯ ತುದಿ ಎಳೆದ. ಇನ್ನೊಂದು ತುದಿ ಸುಗಂಧಾಳ ಮುಷ್ಟಿಯಲ್ಲಿತ್ತು.

"ಇದು ಅವ್ವ ಹೊದ್ದಿದ್ದಲ್ಲ ಮಾಮಾ. ನನಗಂತ ಹೊಲದಿದ್ದು."

"ಹೊಲದು ಮುಗಿಸ್ಯಾಳೇನು? ಬಾಯಿ ತಕ್ಕೊಂಡೇ ಅದ ನೋಡು. ಹಸದ ಕೌದಿ ಮನ್ಯಾಗ ಇಟ್ಕೋಬಾರ್ದು. ಅಕ್ಕನ ಹಾಸಿಗಿ ಜೋಡಿ ಹೋಗ್ಲಿ."

ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವ ಗಯಾಬಾಯಿಯ ಹೆಣದ ಹಣೆ ತುಂಬ ವಿಭೂತಿ. ಹುಮನಾಬಾದಿನ ಆ ಓಣಿಯ ಅರ್ಧ ಮನೆಗಳ ಕೌದಿ ಅವಳು ಹೊಲಿದದ್ದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು, ಕೊನೆಗೆ ಅಂಗೈಯಗಲ ಬಾಯಿ ಬಿಡುತ್ತಿದ್ದಳು. ಅದರೊಳಗೆ ಒಂದು ತುಂಡು ರೊಟ್ಟಿ, ಚಿಟಿಕೆ ಸಕ್ಕರೆ ಇಟ್ಟು ತೇಪೆ ಹಾಕಿದರೆ ಕೌದಿಯ ಹೊಟ್ಟೆ ತುಂಬಿದಂತೆ. ಮಗಳ ಕೌದಿಯೊಂದು ಮಾತ್ರ ಟ್ರಂಕಿನಲ್ಲಿ ಹಸಿದುಕೊಂಡೇ ಇತ್ತು.

"ಈಗ ನಾ ಮುಗಿಸ್ತೀನಿ."

"ರೊಟ್ಟಿ ಎಲ್ಲಿಂದ ತರ್ತೀ? ಹೆಣ ಇದ್ದ ಮನ್ಯಾಗ ಒಲಿ ಹಚ್ತೀಯೇನು?" ಸಿದ್ದಪ್ಪ ತುದಿ ಬಿಟ್ಟ. "ಕಲ್ಯಾಣದಿಂದ ನಿನ್ನ ತಮ್ಮ ವೈಜಿನಾಥ ಬರೋತನಾ ಟೈಮ್ ಅದ. ಅಂವ ಬಂದ ಕೂಡಲೇ ಎತ್ತೋದು."

ಬಾಗಿಲ ಬಳಿ ಕೂತಿದ್ದ ಪಕ್ಕದ ಮನೆಯ ಹಜಿರಾ ಬೀ ಎದ್ದು ತನ್ನ ಮನೆಗೆ ಹೋದಳು.

*

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಚಳಿ. ಗಯಾಬಾಯಿ ಮಗಳ ಕೌದಿಗೆ ಕೆಂಪು ತೇಪೆ ಕತ್ತರಿಸಿಟ್ಟು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಮನೆಯಲ್ಲಿ ಉಳಿದಿದ್ದ ಒಂದೇ ರೊಟ್ಟಿಯನ್ನು ಹಿಡಿದು ಪುಟ್ಟ ಸುಗಂಧಾ ಕಾಯುತ್ತಿದ್ದಳು. ಓಣಿಗೆ ಹೊಸದಾಗಿ ಬಂದ ಬಸುರಿ ಹಜಿರಾ, ಕೆಂಡ ಕೇಳಲು ಬಂದು ಹೊಸ್ತಿಲಲ್ಲಿ ನಿಂತಳು. ಅವಳ ಕಣ್ಣು ರೊಟ್ಟಿಯ ಮೇಲಿತ್ತು.

"ಉಂಡೀಯೇನವ್ವಾ?"

"ಹೌದ್ರಿ ಅಕ್ಕಾ."

"ಸುಳ್ಳು ಹೇಳಾಕೂ ತಾಕತ್ ಬೇಕು. ಕೂಡು."

ರೊಟ್ಟಿ, ಸಕ್ಕರೆ ಎರಡೂ ಹಜಿರಾಳ ಕೈಗೆ ಹೋದವು. ಸುಗಂಧಾ ಅತ್ತಳು.

"ನಾಳಿ ಹಾಕೋಣಂತ. ಕೌದಿ ಎಲ್ಲೂ ಓಡಿ ಹೋಗಾಂಗಿಲ್ಲ."

ಮರುದಿನ ಯಾರದೋ ಬಾಣಂತಿ ಕೌದಿಯ ಕೆಲಸ ಬಂತು. ಆಮೇಲೆ ಇನ್ನೊಬ್ಬರದು. ಆಮೇಲೆ ಕಣ್ಣು ಮಂಜಾಯಿತು.

*

ಹಜಿರಾ ಬೀ ಸೆರಗಿನಡಿ ರೊಟ್ಟಿ ಹಿಡಿದು ಬಂದಳು.

"ತಗೋ ಬೇಟಿ. ಈಗ ಹಂಚಿನಿಂದ ತೆಗದೀನಿ. ಅವತ್ತ ನಾ ಇದರ ಪಾಲು ಉಂಡೀನಿ. ಏನರ ಕೊಡಾಕ ಬಂದರ ಅಕ್ಕ 'ನಿನ್ನ ಕೂಸಿಗಿ ತಿನ್ನಸು ಹೋಗು' ಅಂತ ಬೈತಿದ್ಳು."

"ಪರಾಯಿ ಮನಿ ರೊಟ್ಟಿ ನಡೀತದೇನು?" ಎಂದ ಸಿದ್ದಪ್ಪ.

"ಇಪ್ಪತ್ತು ವರ್ಷದ ಮ್ಯಾಲಾತು ಅಣ್ಣಾ ಇದು ಹಸದು. ಯಾರ ಮನೀದು ಅಂತ ಕೇಳಾಂಗದೇನು?"

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಳು ನಕ್ಕೇಬಿಟ್ಟಳು. ಸಿದ್ದಪ್ಪನೂ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ರೊಟ್ಟಿಯ ತುಂಡು, ಚಿಟಿಕೆ ಸಕ್ಕರೆ ಕೌದಿಯೊಳಗಿಟ್ಟು ಸುಗಂಧಾ ಆಗಷ್ಟೇ ಸೂಜಿ ಹಿಡಿದಿದ್ದಳು. ಸಿದ್ದಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ.

"ವೈಜಿನಾಥಗ ನೀರು ಕೊಡ್ರಿ. ಕೈಕಾಲು ತೊಳ್ಕೊಳ್ಳಿ. ಏನು ಅವಸರ ಅದ?"

ಅವ್ವ ಅಂದು ಕತ್ತರಿಸಿಟ್ಟಿದ್ದ ಕೆಂಪು ತೇಪೆಯನ್ನು ಹಜಿರಾ ಬೀ ಒತ್ತಿ ಹಿಡಿದಳು. ಸುಗಂಧಾ ನಾಲ್ಕೂ ಅಂಚು ಹೊಲಿದು ದಾರವನ್ನು ಹಲ್ಲಿನಿಂದ ಕಡಿದಳು. ಕೌದಿಯನ್ನು ಅವ್ವನ ಮಡಿಲಲ್ಲಿ ಹಾಸಿದಳು. ತಣ್ಣಗಿದ್ದ ಅಂಗೈಯನ್ನು ಎತ್ತಿ ತೇಪೆಯ ಮೇಲಿಟ್ಟಳು.

ಒಳಗಿನ ರೊಟ್ಟಿ ಇನ್ನೂ ಬೆಚ್ಚಗಿತ್ತು.