ಕುಸುಮಾವತಿಯ ಮೂಗು

"ಅತ್ತೆ, ಇಲ್ಲಿ ಸ್ಮೆಲ್ ಅಂತ ಒಂದು ಕಾಲಂ ಉಂಟು. ಎಂತ ಬರೀಲಿ?"

ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದ ಸೊಸೆ ಪ್ರಿಯಾಂಕ ಕೇಳಿದ ಕೂಡಲೇ ಕುಸುಮಾವತಿಯ ಎದೆ ಧಸಕ್ಕೆಂದಿತು. ತಮ್ಮೂರು ಪುಲ್ಪಳ್ಳಿಯ ಕಾಫಿಯನ್ನು ಕಲ್ಲಿಕೋಟೆಯ ವ್ಯಾಪಾರಿಯೊಬ್ಬ ಮನೆಯಿಂದಲೇ ಕೊಳ್ಳುತ್ತಾನಂತೆ, ನಮೂನೆಯ ಜೊತೆಗೆ ಇಂಗ್ಲಿಷಿನ ಫಾರಂ ಒಂದನ್ನು ಬೇರೆ ತುಂಬಿ ಕಳಿಸಬೇಕಂತೆ. ವಾಸನೆಯ ವಿಷಯವನ್ನು ಆ ಮನೆಯಲ್ಲಿ ಕುಸುಮಾವತಿಯನ್ನು ಬಿಟ್ಟು ಇನ್ನಾರನ್ನು ಕೇಳಬೇಕು?

ಮೂವತ್ತೆಂಟು ವರ್ಷಗಳಿಂದ ಕಾಫಿ ಒಣಗಿಸುವ ಕಣದಲ್ಲಿ ಅವಳ ಮೂಗು ಹೇಳಿದ್ದೇ ಮಾತು. ಕಾಫಿಹಣ್ಣು ಒಣಗುತ್ತಾ ಬಂದಾಗ ಅವಳು ಬೊಗಸೆ ತುಂಬ ಎತ್ತಿ, ಕಣ್ಣು ಮುಚ್ಚಿ ಮೂಸಿ, "ಕಟ್ಟಿ" ಅಂದರೆ ಮಾತ್ರ ಗಂಡ ಆದಿರಾಜ ಗೋಣಿಯ ಬಾಯಿ ಹೊಲಿಯುತ್ತಿದ್ದ. "ನಮ್ಮ ಜೈನರ ಅಡುಗೇಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ ನೋಡಿ, ಅದಕ್ಕೇ ಇವಳ ಮೂಗು ಅಷ್ಟು ಚುರುಕು" ಎಂದು ಊರೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದ. ಹೋದ ಮಳೆಗಾಲದ ಜ್ವರ ಆ ಮೂಗನ್ನೂ ಕಟ್ಟಿಕೊಂಡು ಹೋಯಿತೆಂದು ಆ ಪುಣ್ಯಾತ್ಮನಿಗೇನು ಗೊತ್ತು! ಬಸದಿಯ ಧೂಪ, ಸಾರಿನ ಒಗ್ಗರಣೆ, ಮೊಮ್ಮಗಳ ನೆತ್ತಿ, ಯಾವುದೂ ಮೂಗಿಗೆ ಹತ್ತುತ್ತಿರಲಿಲ್ಲ. ಹೇಳಿದರೆ ತನ್ನನ್ನು ಕಣದಿಂದ ಎಬ್ಬಿಸಿ ಮೂಲೆಗೆ ಕೂರಿಸಿಬಿಡುತ್ತಾರೆಂಬ ಭಯಕ್ಕೆ ಅವಳು ತುಟಿ ಬಿಚ್ಚಿರಲಿಲ್ಲ. ಈ ಸಲ ಮೂಸಿದ ಹಾಗೆ ನಟಿಸಿ, ಒಣಹಣ್ಣನ್ನು ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ ನೋಡಿ, ದೇವರ ಮೇಲೆ ಭಾರ ಹಾಕಿ "ಕಟ್ಟಿ" ಅಂದಿದ್ದಳು.

"ನಿಲ್ಲಿ, ಮೊಬೈಲಲ್ಲಿ ನೋಡ್ತೇನೆ," ಎಂದಳು ಪ್ರಿಯಾಂಕ. "ಅಬ್ಬಬ್ಬ! ಒಂದು ಸ್ಮೆಲ್ಲಿಗೆ ಎಷ್ಟು ಮಾತುಂಟು ನೋಡಿ. ಸೆಂಟ್, ಅರೋಮಾ, ಫ್ರಾಗ್ರೆನ್ಸ್, ಓಡರ್, ಸ್ಟಿಂಕ್..."

"ಸೆಂಟ್ ಅಂದ್ರೆ ಕುಪ್ಪೀಲಿ ಬರೋದಲ್ವ ಮೋಳೆ?" ಮಲಯಾಳಂ ಬೆರೆಸಿ ಸೊಸೆಯನ್ನು ಮಗಳೇ ಎಂದು ಕರೆದು ಕುಸುಮಾವತಿ ಕೇಳಿದಳು.

"ಹೂವಿಂದೂ ಸೆಂಟೇ ಅಂತೆ. ನಾಯಿ ಮೂಸಿ ಮೂಸಿ ಹಂದಿ ಹೋದ ದಾರಿ ಹಿಡೀತದಲ್ಲ, ಅದೂ ಸೆಂಟೇ. ಮತ್ತೆ ಹೂವು ಸ್ಮೆಲ್ ಮಾಡ್ತದೆ, ನಾವು ಹೂವನ್ನ ಸ್ಮೆಲ್ ಮಾಡ್ತೇವೆ, ಎರಡಕ್ಕೂ ಒಂದೇ ಮಾತು."

ಕುಸುಮಾವತಿ ಬೆರಗಾದಳು. ಮೂಸುವವಳಿಗೂ ಮೂಸಿಸಿಕೊಳ್ಳುವ ಹೂವಿಗೂ ಒಂದೇ ಮಾತೇ! ಕಂಡರಿಯದ ಯಾವುದೋ ದೇಶದ ಜನ ಎಷ್ಟು ಮೂಸಿ ಎಷ್ಟು ಹೆಸರಿಟ್ಟಿದ್ದಾರೆ!

"ನಮ್ಮಲ್ಲೇನು ಕಮ್ಮಿ?" ಎಂದಳು. "ಮಲ್ಲಿಗೆಗೆ ಪರಿಮಳ. ತುಪ್ಪ ಕಾಯ್ಸಿದ್ರೆ ಘಮ. ಒಳ್ಳೆಮೆಣಸು ಹುರಿದ್ರೆ ಘಾಟು. ಹಲಸು ಕೊಳೆತ್ರೆ ನಾತ. ಆನೆ ಬೇಲಿ ಹತ್ರ ಬಂದು ನಿಂತ್ರೆ ಒಂದು ಬರ್ತದಲ್ಲ, ಅದು ನಾತ ಅಲ್ಲ, ಸೊಗಡು." ಎಂಟು ತಿಂಗಳ ಹಿಂದೆ ಕಳೆದುಕೊಂಡದ್ದನ್ನೆಲ್ಲ ಅವಳು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದಳು.

"ಮಸ್ಟಿ ಅಂತ ಒಂದುಂಟು. ತೇವದಲ್ಲಿಟ್ಟದ್ದು ಕೆಡುವಾಗ ಬರೋದಂತೆ."

"ಅದು ಮುಗ್ಗಲು."

ಅಷ್ಟರಲ್ಲಿ ನಮೂನೆ ತೆಗೆಯಲು ಒಳಗೆ ಹೋಗಿದ್ದ ಆದಿರಾಜ ಹೊಲಿಗೆ ಬಿಚ್ಚಿದ ಗೋಣಿಯೊಂದನ್ನು ದರದರ ಎಳೆದುಕೊಂಡು ಜಗಲಿಗೆ ಬಂದ. ಮುಖ ಇಳಿದುಹೋಗಿತ್ತು. ಒಳಗಿನ ಕಾಫಿಯ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು.

"ಇದೆಂತ ಕುಸುಮಾ? ಇಷ್ಟು ವರ್ಷಕ್ಕೆ ಒಂದು ಸಲವೂ ಹೀಗಾಗಿರ್ಲಿಲ್ಲ."

ಅಭ್ಯಾಸ ಬಿಡಬೇಕಲ್ಲ, ಕುಸುಮಾವತಿ ಬಗ್ಗಿ ಗೋಣಿಯ ಬಾಯಿಗೆ ಮುಖವೊಡ್ಡಿದಳು. ಮೂಗಿನ ಒಳಗೆಲ್ಲೋ ಏನೋ ಚುರುಗುಟ್ಟಿತು. ಮತ್ತೊಮ್ಮೆ ಉಸಿರೆಳೆದಳು. ಬಂತು! ಹಳಸಲು, ಒದ್ದೆ, ಗಂಟಲಿಗೆ ಅಡರುವಂಥದ್ದು. ಅವಳು ಎರಡೂ ಕೈಯಲ್ಲಿ ಆ ಬೂಷ್ಟು ಕಾಫಿಯನ್ನು ಬಾಚಿ ಮುಖಕ್ಕೆ ಒತ್ತಿಕೊಂಡಳು.

"ಮುಗ್ಗಲು! ಅಯ್ಯೋ, ಮುಗ್ಗಲೇ ರೀ! ಎಷ್ಟು ಚೆಂದ ಬರ್ತದೆ!"

"ಅತ್ತೆ, ಎಂತಾಯ್ತು?" ಪ್ರಿಯಾಂಕ ಗಾಬರಿಯಿಂದ ಎದ್ದಳು.

ನಗು ಅಳು ಎರಡೂ ಒಟ್ಟಿಗೆ ನುಗ್ಗಿ ಕುಸುಮಾವತಿ ನೆಲದ ಮೇಲೆ ಕುಸಿದು ಕುಳಿತಳು. "ಜ್ವರ ಬಂದ್ಮೇಲೆ ನಂಗೆ ಎಂತದೂ ಮೂಗಿಗೆ ಬರ್ತಿರ್ಲಿಲ್ಲ. ನಿಮಗೆ ಹೇಳ್ಲಿಲ್ಲ. ಗೊತ್ತಾಗ್ದೇನೇ ಕಟ್ಟಿ ಅಂದೆ. ಇದನ್ನ ಕೆಡಿಸಿದ್ದು ನಾನೇ."

ಆದಿರಾಜ ಬೂಷ್ಟು ಹಿಡಿದ ಗೋಣಿಯನ್ನೂ, ಮುಖದ ತುಂಬ ಬಿಳಿ ಪುಡಿ ಮೆತ್ತಿಕೊಂಡ ಹೆಂಡತಿಯನ್ನೂ ನೋಡುತ್ತಾ ನಿಂತ. ಇನ್ನು ಕಣದ ಕಡೆ ತಲೆ ಹಾಕಬೇಡ ಎಂದೇ ಹೇಳುತ್ತಾನೆ ಎಂದುಕೊಂಡು ಅವಳು ತಲೆ ತಗ್ಗಿಸಿದಳು. ಅವನು ಒಳಗೆ ಹೋದ. ಹೊಲಿಗೆಯ ದಾರ ಪಟಪಟ ಹರಿಯುವ ಸದ್ದು ಕೇಳಿತು. ಇನ್ನೊಂದು ಗೋಣಿಯಿಂದ ಬೊಗಸೆ ತುಂಬ ತಂದು, ಅವಳೆದುರು ಮಂಡಿಯೂರಿ, ಅವಳ ಮೂಗಿನ ಹತ್ತಿರ ಹಿಡಿದ.

"ಇದು?" ಎಂದ.

ಅವಳು ಕಣ್ಣು ಮುಚ್ಚಿದಳು. ಕಾಫಿಗಿಂತ ಮೊದಲು ಅವನ ಅಂಗೈಯ ಬೆವರು ಬಂತು. ಅವಳು ಅವನ ಎರಡೂ ಮುಂಗೈ ಹಿಡಿದುಕೊಂಡು, ಮೂಸುತ್ತಲೇ ಇದ್ದಳು.