ರಾತ್ರಿ ಮಾತ್ರ

ಹೆಂಡತಿ ಕಾಫಿ ಲೋಟ ತಂದು ಮುಂದೆ ನಿಂತಾಗ ಅವನು ಕೈ ಚಾಚಿ, "ಚೀಟಿ ಕೊಡಿಮ್ಮ" ಎಂದ.

"ಯಾವ ಚೀಟಿ?"

"ಡಾಕ್ಟರ ಚೀಟಿ. ಚೀಟಿ ಇಲ್ಲದೆ ಕೊಡೋ ಹಾಗಿಲ್ಲ."

"ರೀ, ಕೊಡ್ತಾ ಇರೋಳು ನಾನು. ತಗೊಳ್ಳೋರು ನೀವು."

ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಎಂಟು ವರ್ಷದ ಮಗಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ತಾನು ತಮಾಷೆಗೆ ಕೇಳಿದೆನೋ ನಿಜವಾಗಿಯೇ ಕೇಳಿದೆನೋ ಅವನಿಗೇ ಗೊತ್ತಾಗಲಿಲ್ಲ. ನಕ್ಕುಬಿಟ್ಟರೆ ಎರಡೂ ಒಂದೇ ಎಂದುಕೊಂಡ.

ಬೀದಿಯ ತುದಿಯ ಔಷಧಿ ಅಂಗಡಿ ಅವನದು. ಸುತ್ತಲಿನವರಿಗೆಲ್ಲ ಅವನು ಮಾತ್ರೆಯಣ್ಣ. ಮಾತ್ರೆಯನ್ನು ಎಣಿಸಿ ಕೊಡುತ್ತಿದ್ದ, ಮಾತನ್ನು ಎಣಿಸದೆ ಕೊಡುತ್ತಿದ್ದ. ಅಣಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಡಾಕ್ಟರ ಮೂಗುದನಿ, ನಿವೃತ್ತ ಮೇಷ್ಟ್ರ ವ್ಯಾಕರಣಬದ್ಧ ಕೆಮ್ಮು, ಎದುರು ಮನೆ ಬಾಗಿಲಿನ ಕಿರುಗುಟ್ಟುವಿಕೆ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. "ರಾತ್ರಿ ಮಾತ್ರ ಈ ಮಾತ್ರೆ, ಹಗಲು ನುಂಗಿದರೆ ಹಾಸಿಗೆಗೇ ಯಾತ್ರೆ" ಎಂದು ಅವನು ಡಾಕ್ಟರ ದನಿಯಲ್ಲಿ ಹೇಳಿದರೆ ಜ್ವರ ಬಂದವರೂ ನಗುತ್ತಿದ್ದರು.

ಆ ಗಂಟಲಿಗೆ ವರ್ಷದಿಂದೀಚೆಗೆ ಕೆಲಸವೂ ಸಿಕ್ಕಿತ್ತು. ರೇಡಿಯೊ ಜಾಹೀರಾತುಗಳಿಗೆ ದನಿ ಕೊಡುವುದು. ಮನೆ ಮಲಗಿ, ಬೀದಿ ಮಲಗಿ, ನಾಯಿಗಳೂ ಮಲಗಿದ ಮೇಲೆ ಸದ್ದು ಹೊರಗೆ ಹೋಗದಂತೆ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ, ಫೋನಿನಲ್ಲಿ ದನಿ ಮುದ್ರಿಸುತ್ತಾ ಅವನು ಕರಡಿಯಾಗುತ್ತಿದ್ದ, ಸೋರುವ ನಲ್ಲಿಯಾಗುತ್ತಿದ್ದ, ಹುಳುಕು ಹಲ್ಲಾಗುತ್ತಿದ್ದ. ಐದು ಗಂಟೆಯ ನಿದ್ದೆ ನಾಲ್ಕಾಗಿ, ನಾಲ್ಕು ಮೂರಾಗಿತ್ತು. ಈ ವಾರ ಹಾಸಿಗೆ ಕಂಪನಿಯೊಂದರ ಸರದಿ: 'ಊಟವಾದ ಮೇಲೆ ಮೂರು ಹೊತ್ತೂ ಮಲಗಬೇಕೆನಿಸುವ ಹಾಸಿಗೆ!' ಸ್ಟುಡಿಯೊದವರಿಗೆ ಒಪ್ಪಿಗೆಯಾಗದೆ ಆ ಒಂದು ಸಾಲನ್ನು ಅವನು ನಲವತ್ತು ಸಲ ಹೇಳಿದ್ದ. ಮಲಗಿರೆಂದು ಊರಿಗೆಲ್ಲ ಸಾರುವವನು ತಾನೇ ಮಲಗಿರಲಿಲ್ಲ.

"ಸ್ವಲ್ಪ ಕಡಿಮೆ ಮಾಡ್ರೀ" ಎಂದು ಹೆಂಡತಿ ಹೇಳದ ದಿನವಿರಲಿಲ್ಲ.

"ಹಗಲು ಅಂಗಡಿಯದು. ಸಂಜೆ ನಿಮ್ಮಿಬ್ಬರದು. ನಂದು ಅಂತ ಇರೋದು ಆ ನಾಲ್ಕು ಗಂಟೆ ಒಂದೇ ಕಣೆ. ಅದನ್ನೂ ನಿದ್ದೆ ಬಾಯಿಗೆ ಹಾಕ್ಲಾ?"

ಬೀರುವಿನಿಂದ ಹೊರಬರುವಾಗ ಅವನ ಮುಖದಲ್ಲಿರುವ ಬೆಳಕನ್ನು ಅವಳು ನೋಡಿದ್ದಳು. ಆ ಮುಖದ ಕೆಂಪಡರಿದ ಕಣ್ಣನ್ನೂ ನೋಡಿದ್ದಳು.

ಅಂದು ಒಂಬತ್ತು ಗಂಟೆಗೆ ಶಾಲೆಯ ವ್ಯಾನ್ ಓಡಿಸುವವನು ಮಕ್ಕಳನ್ನು ಬಿಟ್ಟು ಅಂಗಡಿಗೆ ಬಂದ. ಮಾತ್ರೆಯಣ್ಣನ ಮಗಳೂ ಸೇರಿ ಹದಿಮೂರು ಮಕ್ಕಳು ಅವನ ಪಾಲಿಗೆ. ದಿನಾ ಮಧ್ಯಾಹ್ನ ಶಾಲೆಯ ಹಿಂದಿನ ಗೇಟಿನ ಬಳಿ ವ್ಯಾನಿನಲ್ಲೇ ಅರ್ಧ ಗಂಟೆ ಮಲಗುವುದು ಅವನ ರೂಢಿ. ಅದಕ್ಕೇ ಮಾತ್ರೆಯಣ್ಣ ಅವನಿಗೆ 'ನಿದ್ದೆಗಣ್ಣ' ಎಂದು ಹೆಸರಿಟ್ಟಿದ್ದ: ನಿದ್ದೆಗಣ್ಣಿನ ಅಣ್ಣ. ಮಕ್ಕಳೂ ಹಾಗೇ ಕರೆಯುತ್ತಿದ್ದವು.

ನಿದ್ದೆಗಣ್ಣನ ತೋಳಿನ ತುಂಬ ತುರಿಕೆಯ ಗಂಧೆ ಎದ್ದಿತ್ತು. ಚೀಟಿ ಕೊಡುತ್ತಾ, "ಅಣ್ಣಾ, ಕಣ್ಣು ಕೆಂಪಗಿದೆಯಲ್ಲ, ಮಲಗಲಿಲ್ವಾ?" ಎಂದ.

"ನನ್ನ ಪಾಲಿನದನ್ನೂ ನೀನೇ ಮಲಗ್ತಿದೀಯಲ್ಲಪ್ಪ. ಇನ್ನು ನನಗೆಲ್ಲಿ ಉಳಿಯುತ್ತೆ?"

ಇಬ್ಬರೂ ನಕ್ಕರು. ಮಾತ್ರೆಯಣ್ಣ ಮಾತ್ರೆ ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಮೇಲೆ ಬರೆದು ಕೊಟ್ಟ. ಮುಂದಿನವರು ಬಂದರು. ಅವರ ಮುಂದಿನವರು ಬಂದರು.

ಎರಡು ಗಂಟೆಗೆ ಹೆಂಡತಿ ಊಟದ ಡಬ್ಬಿ ತಂದಳು. ಡಬ್ಬಿ ಇಡಲು ಗಲ್ಲಾಪೆಟ್ಟಿಗೆಯ ಪಕ್ಕ ಜಾಗ ಮಾಡುವಾಗ ಒಂದು ಖಾಲಿ ಕವರು ಸಿಕ್ಕಿತು. ಮೇಲೆ ಅವನದೇ ಗುಂಡು ಅಕ್ಷರ: 'ರಾತ್ರಿ ಮಾತ್ರ.'

"ಇದು ಯಾರದು?"

"ನಿದ್ದೆಗಣ್ಣಂದು. ತುರಿಕೆ ಮಾತ್ರೆ. ತೂಕಡಿಕೆ ತರುತ್ತೆ, ರಾತ್ರಿ ಮಾತ್ರ ತಗೋಬೇಕು."

"ಕವರು ಇಲ್ಲೇ ಇದೆ. ಮಾತ್ರೆ ಎಲ್ಲಿ?"

"ಕೊಟ್ಟೆನಲ್ಲ."

"ಯಾವುದರಲ್ಲಿ ಹಾಕಿ ಕೊಟ್ರಿ?"

ಅವನು ಗಲ್ಲಾಪೆಟ್ಟಿಗೆಯ ಸುತ್ತ ತಡಕಾಡಿದ. ಡಾಕ್ಟರ ದನಿಯಲ್ಲಿ 'ರಾತ್ರಿ ಮಾತ್ರ ಈ ಮಾತ್ರೆ' ಎಂದದ್ದು ಕಿವಿಯಲ್ಲಿ ಇನ್ನೂ ಇತ್ತು. ಆದರೆ ಅದು ಇವತ್ತೋ ನಿನ್ನೆಯೋ? ನಿದ್ದೆಗಣ್ಣನಿಗೋ ಇನ್ಯಾರಿಗೋ? ನೆನಪಿನಲ್ಲಿ ನಿದ್ದೆಗಣ್ಣ ತೋಳು ಚಾಚಿದ್ದ, ಚೀಟಿ ಕೊಟ್ಟಿದ್ದ. ಆಮೇಲೆ ಬೆನ್ನು ತೋರಿಸಿ ಹೋಗುತ್ತಿದ್ದ. ನಡುವಿನದನ್ನು ಯಾರೋ ಕತ್ತರಿಯಿಂದ ಕತ್ತರಿಸಿದ ಹಾಗಿತ್ತು. ಇನ್ನೊಂದು ಕವರು ತೆಗೆದಿದ್ದರೆ ಅದರ ಮೇಲೆ ಏನು ಬರೆದ? ಬರೆದನೋ ಇಲ್ಲವೋ? ಅಥವಾ ಈ ಖಾಲಿ ಕವರೇ ನಿನ್ನೆಯದೋ?

"ನಗೋ ವಿಷಯ ಅಲ್ಲ" ಎಂದಳು ಹೆಂಡತಿ. ತಾನು ನಗುತ್ತಿದ್ದೇನೆಂಬುದು ಅವನಿಗೆ ಆಗ ಗೊತ್ತಾಯಿತು.

ಫೋನ್ ಮಾಡಿದ. ನಿದ್ದೆಗಣ್ಣ ಎತ್ತಲಿಲ್ಲ. ಮೂರೂಕಾಲಿಗೆ ಶಾಲೆ ಬಿಡುತ್ತದೆ. ವ್ಯಾನ್ ಹೊರಟರೆ ರೈಲ್ವೆ ಗೇಟು, ಇಳಿಜಾರು, ಎರಡು ತಿರುವು.

"ನೀವು ಓಡಿ. ಇವತ್ತು ಯಾರ್‍ಯಾರಿಗೆ ಏನೇನು ಕೊಟ್ಟಿದೀರ, ಬಿಲ್ಲು ನೋಡಿ ನಾನು ಎಲ್ಲರಿಗೂ ಫೋನ್ ಮಾಡ್ತೀನಿ" ಎಂದು ಅವಳು ಆಗಲೇ ಬಿಲ್ ಪುಸ್ತಕ ಎಳೆದುಕೊಂಡಿದ್ದಳು.

ಅವನು ಓಡಿದ. ದಿನಾ ನೋಡುವ ಬೀದಿ ಪರಕೀಯವಾಗಿ ಕಂಡಿತು. ಒಂದು ತಿರುವು ಮೊದಲೇ ತಿರುಗಿ, ಹಿಂದೆ ಬಂದು, ಮುಂದಿನ ಗೇಟಿಗೆ ಹೋಗಿ ನಿಂತ ಮೇಲೆ ನೆನಪಾಯಿತು, ವ್ಯಾನ್ ನಿಲ್ಲುವುದು ಹಿಂದಿನ ಗೇಟಿನಲ್ಲಿ. ಈ ಊರಿನ ಎಲ್ಲರ ದನಿಯೂ ಬಾಯಿಪಾಠ. ಮಗಳ ಶಾಲೆಯ ಗೇಟು ಮಾತ್ರ ಮರೆತುಹೋಗಿತ್ತು.

ವ್ಯಾನ್ ನಿಂತಿತ್ತು. ಚಾಲಕನ ಸೀಟಿನಲ್ಲಿ ಗುರುತಿಲ್ಲದ ಯುವಕನೊಬ್ಬ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ಹಿಂದಿನ ಉದ್ದ ಸೀಟಿನ ಮೇಲೆ ನಿದ್ದೆಗಣ್ಣ ಬಾಯಿ ತೆರೆದು ಮಲಗಿದ್ದ.

"ನಾನು ಇವರ ಭಾವಮೈದ" ಎಂದ ಯುವಕ. "ನಾನೂ ವ್ಯಾನೇ ಓಡಿಸೋದು, ಆ ಕಡೆ ಬಡಾವಣೇಲಿ. ನಮ್ಮ ಶಾಲೆಗೆ ಇವತ್ತು ರಜ. ಹತ್ತು ಗಂಟೆಗೇ ಫೋನ್ ಮಾಡಿದ್ರು, ಇವತ್ತು ಮಧ್ಯಾಹ್ನ ನೀನು ಬಾ, ನನ್ನ ಕೈಲಿ ಆಗಲ್ಲ ಅಂತ."

ಭುಜ ಹಿಡಿದು ಮೂರು ಸಲ ಅಲುಗಿಸಿದ ಮೇಲೆ ನಿದ್ದೆಗಣ್ಣ ಒಂದು ಕಣ್ಣು ತೆರೆದ. "ಓ, ಅಣ್ಣ. ಎಂಥ ಮಾತ್ರೆ ಕೊಟ್ರಿ. ತಿಂಡಿ ಆದ ಮೇಲೆ ಒಂದು ತಗೊಂಡೆ. ಮುಕ್ಕಾಲು ಗಂಟೆಗೆ ರೆಪ್ಪೆ ಮೇಲೆ ಮೂಟೆ ಇಟ್ಟ ಹಾಗಾಯ್ತು."

"ತಿಂಡಿ ಆದ ಮೇಲೆ ಯಾಕೆ ತಗೊಂಡೆ?"

"ನೀವೇ ಬರೆದಿದ್ರಲ್ಲ."

ಜೇಬಿನಿಂದ ಕವರು ಹೊರಬಂತು. ಗುಂಡು ಅಕ್ಷರ, ಎಲ್ಲೂ ನಡುಗಿರಲಿಲ್ಲ: 'ಊಟವಾದ ಮೇಲೆ ಮೂರು ಹೊತ್ತೂ.'

ಮಾತ್ರೆಯಣ್ಣ ಅದನ್ನು ಓದಿದ. ಓದಿದ್ದು ಕಣ್ಣಾದರೂ ಕೇಳಿಸಿದ್ದು ಬೀರುವಿನೊಳಗಿನ ತನ್ನದೇ ದನಿ, ನಲವತ್ತನೆಯ ಸಲ. ಮುಂದಿನ ಎರಡು ಪದ ಬರೆಯದೆ ಬಿಟ್ಟದ್ದೇ ಪುಣ್ಯ.

"ಇನ್ನೊಂದು ತಗೊಂಡೆಯಾ?"

"ಇಲ್ಲ. ಮೊದಲನೇದೇ ಹೀಗಾದ ಮೇಲೆ ಮಧ್ಯಾಹ್ನದ್ದು ಮುಟ್ಟಲಿಲ್ಲ."

"ನಿದ್ದೆ ಬರ್ತಿದೆ, ಓಡಿಸಬಾರದು ಅಂತ ನಿನಗೆ ಹೇಗೆ ಗೊತ್ತಾಯ್ತು?"

ನಿದ್ದೆಗಣ್ಣನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಎದ್ದು ಕೂತು ಮುಖ ಉಜ್ಜಿಕೊಂಡ. "ದಿನಾ ಸರಿಯಾಗಿ ಮಲಗ್ತೀನಲ್ಲ ಅಣ್ಣ, ಒಂದು ದಿನ ವ್ಯತ್ಯಾಸ ಆದ್ರೂ ಗೊತ್ತಾಗುತ್ತೆ. ದಿನಾ ಮಂಜಿನಲ್ಲೇ ಇರೋನಿಗೆ ಮಂಜು ಎಲ್ಲಿ ಕಾಣುತ್ತೆ? ಮೊದಲು ನಾನೂ ಹಾಗೇ ಇದ್ದೆ. ಲಾರಿ ಓಡಿಸ್ತಿದ್ದೆ, ಎರಡು ದಿನಕ್ಕೆ ಒಂದು ನಿದ್ದೆ. ಒಂದು ಸಲ ಮುಂದೆ ಸೇತುವೆ ಬರಬೇಕಿತ್ತು, ಕಾಯ್ತಾ ಇದ್ದೆ. ನೋಡಿದ್ರೆ ಸೇತುವೆ ಕನ್ನಡೀಲಿ ಕಾಣ್ತಿದೆ, ಹಿಂದೆ. ದಾಟಿದ್ದು ಯಾರೋ ಗೊತ್ತಿಲ್ಲ. ಕಣ್ಣು ಬಿಟ್ಟೇ ಇದ್ದೆ ಅಣ್ಣ."

"ಕಣ್ಣು ಬಿಟ್ಟೇ?"

"ಹೂಂ. ನಮ್ಮನ್ನ ಕೇಳದೆ ಮಿದುಳು ಒಂದೆರಡು ಕ್ಷಣ ಮಲಗಿಬಿಡುತ್ತಂತೆ. ಡಾಕ್ಟರು ಹೇಳಿದ್ರು. ನಿನಗೆ ನಿದ್ದೆ ಸಾಲದು ಅಂತ ಎಚ್ಚರಿಸಬೇಕಾದ ಬುದ್ಧಿಯೂ ನಿದ್ದೆಗೆಟ್ಟೇ ಇರುತ್ತಲ್ಲ. ಕಾವಲುಗಾರನೇ ಗೊರಕೆ ಹೊಡೆದ್ರೆ ಕೂಗೋರು ಯಾರು?"

ಮಾತ್ರೆಯಣ್ಣನಿಗೆ ಯಾರ ದನಿಯೂ ಸಿಗಲಿಲ್ಲ. ಕೊನೆಗೆ, "ಬೈಯಪ್ಪ ನನ್ನ" ಎಂದ.

"ಬೈಯೋಕೂ ನಿದ್ದೆ ಬರ್ತಿದೆ. ನಾಳೆ ಬೈತೀನಿ."

ಫೋನ್ ಬಡಿದುಕೊಂಡಿತು. ಹೆಂಡತಿ. "ಹನ್ನೊಂದು ಜನಕ್ಕೂ ಕೇಳಿದೆ. ಹತ್ತು ಜನದ್ದು ಸರಿ ಇದೆ. ಮೇಷ್ಟ್ರ ಕವರಿನ ಮೇಲೆ ಏನೂ ಬರೆದೇ ಇರಲಿಲ್ವಂತೆ, ಚೀಟಿ ನೋಡಿ ಹೇಳಿದೀನಿ. ನೀವು ಸಿಕ್ಕಿದ್ರಾ? ಅಂದ್ರೆ, ಅವನು ಸಿಕ್ಕಿದ್ನಾ?"

"ಇಬ್ರೂ ಸಿಕ್ಕಿದೀವಿ. ಅಂಗಡಿ ಬಾಗಿಲು ಹಾಕಿಬಿಡು. ಇವತ್ತು ಇನ್ನು ನಾನು ಯಾರಿಗೂ ಮಾತ್ರೆ ಕೊಡಲ್ಲ."

ಫೋನ್ ಜೇಬಿಗಿಡುವ ಮೊದಲು ಸ್ಟುಡಿಯೊದವರಿಗೆ ಒಂದು ಸಂದೇಶ ಬರೆದ. ತಪ್ಪಿಲ್ಲದಿರಲೆಂದು ಮೂರು ಸಲ ಓದಿದ, ಆಮೇಲೆ ನಂಬಿಕೆ ಸಾಲದೆ ಭಾವಮೈದನಿಗೂ ತೋರಿಸಿದ. 'ಕರಡಿ ಇನ್ನು ರಾತ್ರಿ ಬರೋದಿಲ್ಲ. ಭಾನುವಾರ ಹಗಲು ಮಾತ್ರ. ಒಪ್ಪಿಗೆ ಇಲ್ಲದಿದ್ದರೆ ಬೇರೆ ಕರಡಿ ನೋಡಿಕೊಳ್ಳಿ.' ಕಳಿಸುವಾಗ ಬೆರಳು ಸ್ವಲ್ಪ ಹೊತ್ತು ನಿಂತಿತು. ಬೇರೆ ಕರಡಿ ಅವರಿಗೆ ಸುಲಭವಾಗಿ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಕಳಿಸಿದ.

ಶಾಲೆಯ ಗಂಟೆ ಹೊಡೆಯಿತು. ಹದಿಮೂರು ಮಕ್ಕಳು ಚೀಲಗಳ ಸಮೇತ ನುಗ್ಗಿದವು. ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣ ಒಂದು ಕಿಟಕಿಗೆ, ಮಾತ್ರೆಯಣ್ಣ ಇನ್ನೊಂದು ಕಿಟಕಿಗೆ ಒರಗಿ ಆಗಲೇ ಮಲಗಿದ್ದರು. ಭಾವಮೈದ ನಿಧಾನಕ್ಕೆ ವ್ಯಾನ್ ಹೊರಡಿಸಿದ.

ಎರಡು ಗೊರಕೆಗಳು ಒಂದಾದ ಮೇಲೊಂದು ಬರತೊಡಗಿದವು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕವು.

"ನಿಮ್ಮಪ್ಪ ಯಾರ ಥರ ಮಾಡ್ತಿದಾರೆ? ಕರಡಿನಾ?" ಎಂದು ಪಕ್ಕದವಳು ಪಿಸುಗುಟ್ಟಿದಳು.

ಮಗಳು ಅಪ್ಪನ ಮುಖಕ್ಕೆ ಕಿವಿ ಹತ್ತಿರ ತಂದು ಸ್ವಲ್ಪ ಹೊತ್ತು ಆಲಿಸಿದಳು. ಅವಳಿಗೆ ಅಪ್ಪನ ದನಿಗಳೆಲ್ಲ ಗೊತ್ತಿದ್ದವು. ಇದು ಮಾತ್ರ ಹೊಸದು.

"ಶ್, ಮೆತ್ತಗೆ" ಎಂದಳು. "ಇದು ಯಾರದೂ ಅಲ್ಲ. ಅಪ್ಪಂದೇ."