ಅಕ್ಷರಾ ಯಾಕೆ ತಿರುಗಿ ನೋಡಲಿಲ್ಲ?

ಭದ್ರಾವತಿ ಹಳೇನಗರದಲ್ಲಿ ಜಯಶೀಲಾಳದು ಹಿಟ್ಟಿನ ಗಿರಣಿ. ಹಿಂದೆಯೇ ಮನೆ. ಆ ಮನೆಯಲ್ಲಿ ಉಪ್ಪು ಕೊಡು ಅನ್ನುವುದಕ್ಕೂ ಬೀದಿಗೆ ಕೇಳುವಂತೆ ಕೂಗಬೇಕು. ಮೂರು ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಆರು ವರ್ಷದ ಮಗಳು ಅಕ್ಷರಾ ಪಾಠಕ್ಕೆ ಗಮನ ಕೊಡುವುದಿಲ್ಲ, ಒಂದನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಲಿ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರು.

"ಬರೀ ಹಠ ಇವಳದ್ದು. ನಿನ್ನೆ ಎರಡು ಏಟು ಬಿಟ್ಟಿದ್ದೂ ಆಯ್ತು," ಎಂದು ಆಶಾ ಕಾರ್ಯಕರ್ತೆ ಸಾವಿತ್ರಮ್ಮನ ಎದುರು ಗೋಳಾಡಿದಳು.

"ಮೊದಲು ಗಿರಣಿ ನಿಲ್ಸು ಮಾರಾಯ್ತಿ," ಎಂದರು ಸಾವಿತ್ರಮ್ಮ.

ಗಿರಣಿ ನಿಂತಿತು. ಆಡುತ್ತಿದ್ದ ಮಗುವಿನ ಬೆನ್ನ ಹಿಂದೆ ನಿಂತು ಅವರು ಮೆಲ್ಲಗೆ ಕರೆದರು. "ಅಕ್ಷರಾ, ಚಾಕ್ಲೇಟ್ ಬೇಕಾ?" ಮಗು ತಿರುಗಲೇ ಇಲ್ಲ.

"ನೋಡಿದ್ಯಾ? ನೀವೆಲ್ಲ ಕೂಗಿ ಕೂಗಿ ಮಾತಾಡ್ತೀರಿ, ಅದಕ್ಕೇ ಇವಳಿಗೆ ಕಿವಿ ಸರಿಯಾಗಿ ಕೇಳಲ್ಲ ಅಂತ ಗೊತ್ತಾಗಿಲ್ಲ. ಶಾಲೇಲಿ ಯಾರು ಹಂಗೆ ಕೂಗ್ತಾರೆ?"

ಜಯಶೀಲಾ ಮಗಳ ಕಿವಿಯೊಳಗೆ ಇಣುಕಿ ನೋಡಿದಳು. "ಬೆಳ್ಳುಳ್ಳಿ ಎಣ್ಣೆ ಬಿಡ್ಲಾ ಅಕ್ಕಾ?"

"ಏನೂ ಬಿಡಬೇಡ. ಶಿವಮೊಗ್ಗದ ಆಸ್ಪತ್ರೆಗೆ ಹೋಗೋಣ. ಕಿವಿಯೊಳಗೆ ಸ್ವಲ್ಪ ಗಾಳಿ ಒತ್ತಡ ಕೊಟ್ಟು, ಕಿವಿಪರದೆ ಎಷ್ಟು ಅಲುಗಾಡುತ್ತೆ ಅಂತ ಅಳೀತಾರೆ."

"ಗಾಳಿ ಒತ್ತಿದ್ರೆ ಪರದೆ ಹರಿಯಲ್ವಾ?"

ಬಸ್ಸಿನಲ್ಲೂ ದಾರಿಯುದ್ದಕ್ಕೂ ಅವಳದು ಅದೇ ಪ್ರಶ್ನೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮೀರಾ ಮಗುವಿನ ಕಿವಿಯೊಳಗೆ ಬೆಳಕು ಹಾಕಿ ನೋಡಿ, ಪರದೆಯ ಪರೀಕ್ಷೆ ಮಾಡೋಣ ಎಂದರು. ಜಯಶೀಲಾ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲು ನನಗೆ ಮಾಡಿ ಮೇಡಂ."

ಮೀರಾ ನಗುತ್ತಲೇ ಮೆತ್ತನೆಯ ರಬ್ಬರ್ ತುದಿಯನ್ನು ಅವಳ ಕಿವಿಗೆ ಇಟ್ಟರು. ಘಟ್ಟ ಹತ್ತುವ ಬಸ್ಸಿನಲ್ಲಿ ಆಗುತ್ತದಲ್ಲ, ಹಾಗೆ ಕಿವಿ ಕೊಂಚ ಕಟ್ಟಿಕೊಂಡಿತು. ಸಣ್ಣದೊಂದು ಸದ್ದು. ಅಷ್ಟರಲ್ಲಿ ಮುಗಿದೇ ಹೋಯಿತು. ಸೂಜಿಯಿಲ್ಲ, ನೋವಿಲ್ಲ. ಕಾಗದದ ಮೇಲೆ ಗುಡ್ಡದಂತೆ ಏರಿ ಇಳಿದ ಗೆರೆ ಬಂತು. ಅಕ್ಷರಾಳ ಎರಡೂ ಕಿವಿಯ ಗೆರೆ ಮಾತ್ರ ಏರಲೇ ಇಲ್ಲ.

"ಪರದೆ ಅಲುಗಾಡ್ತಿಲ್ಲ, ಹಿಂದೆ ನೀರು ತುಂಬಿದೆ," ಎಂದರು ಮೀರಾ. "ಶೀತ ಆದ್ಮೇಲೆ ಮಕ್ಕಳಿಗೆ ಹೀಗಾಗೋದುಂಟು. ಹೆಚ್ಚಿನ ಮಕ್ಕಳಿಗೆ ಮೂರು ತಿಂಗಳಲ್ಲಿ ತಾನೇ ಇಳಿಯುತ್ತೆ. ಆಗ ಇದೇ ಪರೀಕ್ಷೆ ಮತ್ತೆ ಮಾಡೋಣ. ಇಳೀದಿದ್ರೆ ಚಿಕ್ಕ ಆಪರೇಷನ್ ಇದೆ. ಅಲ್ಲೀವರೆಗೆ ಮುಂದಿನ ಬೆಂಚಲ್ಲಿ ಕೂರಿಸ್ಲಿ, ಶಾಲೆಗೆ ಚೀಟಿ ಬರ್ಕೊಡ್ತೀನಿ."

ಜಯಶೀಲಾ ಮಗಳ ಬೆನ್ನು ಸವರಿದಳು. ಹೊಡೆದದ್ದೂ ಅದೇ ಕೈ. "ನಿಂದೇನೂ ತಪ್ಪಿಲ್ಲ ಕಣೇ," ಎಂದಳು. ಅಕ್ಷರಾ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಜಯಶೀಲಾ ಮಂಡಿಯೂರಿ, ಮಗಳ ಮುಖದ ಎದುರಿಗೇ ಬಂದು, ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವೂ ಕರೆದರೆ ತಿರುಗುವುದಿಲ್ಲವೇ? ಟಿವಿ ಸದ್ದು ಜಾಸ್ತಿ ಮಾಡುತ್ತದೆಯೇ? ಹಠ ಎಂದು ಕೈ ಎತ್ತಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ. ಆಸ್ಪತ್ರೆಗೆ ಕರೆದೊಯ್ದು ಕಿವಿ ತೋರಿಸಿ. ಮಾಡದ ತಪ್ಪಿಗೆ ಮಗು ಏಟು ತಿನ್ನುವುದು ಬೇಡ.